ಮನೆವಾರ್ತೆ: ಸಾರಿನ ಪುಡಿಗೊಂದು ತಾರೀಖು

ಊರಿನಿಂದ ಬರುವ ಡಬ್ಬವೆಂದರೆ ಚೆನ್ನೈಯಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ಎಷ್ಟು ಅಕ್ಕರೆ ಎಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಹೋದ ವರ್ಷ ದಸರೆಗೆ ಮೈಸೂರಿಗೆ ಹೋದಾಗ ಅಮ್ಮ ಎರಡು ಕಿಲೋ ಸಾರಿನ ಪುಡಿ ಮಾಡಿಕೊಟ್ಟರು. ಕಣ್ಣು ಮಂಜಾಗಿದ್ದರೂ ಮೆಣಸಿನಕಾಯಿಯ ತೊಟ್ಟನ್ನು ತಾವೇ ಬಿಡಿಸಿ, ತಾವೇ ಹುರಿದು ಮಾಡಿದ ಪುಡಿ. ನಾವು ಅದನ್ನು ದೊಡ್ಡ ಡಬ್ಬಕ್ಕೆ ಸುರಿದು, ಒಲೆಯ ಮೇಲಿನ ಗೂಡಿನಲ್ಲಿಟ್ಟು ನಿಶ್ಚಿಂತರಾದೆವು. ಡಿಸೆಂಬರಿನ ಒಂದು ದಿನ ಮುಚ್ಚಳ ತೆಗೆದರೆ ಪುಡಿ ಹೆಂಟೆಗಟ್ಟಿದೆ, ಅಂಚಿನಲ್ಲಿ ಬೂಷ್ಟು!

ಮೇಲಿನದನ್ನು ಕೆರೆದು, ಬಿಸಿಲಿಗೆ ಹರವಿ ಬಳಸೋಣವೆಂದು ಮನಸ್ಸು ಎಳೆಯಿತು. ಆದರೆ ಅದು ಕೂಡದು. ಕೆಲವು ಜಾತಿಯ ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಕಡಲೆಕಾಯಿ ಹಿಂಡಿ ತಿಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಸತ್ತ ಮೇಲೆ ಇದು ಬೆಳಕಿಗೆ ಬಂದಿತು. ಒಣಮೆಣಸಿನಕಾಯಿಯಲ್ಲಿಯೂ ಇದು ಸೇರಬಲ್ಲುದು. ಸಾರು ಕುದಿಸಿದ ಮಾತ್ರಕ್ಕೆ ಹೋಗದು. ಅಮ್ಮನ ಪುಡಿಯನ್ನು ನಮ್ಮ ಕೈಯಾರೆ ಕಸಕ್ಕೆ ಹಾಕಿದೆವು.

ತಪ್ಪು ಪುಡಿಯದಲ್ಲ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 2,500 ಅಡಿ ಎತ್ತರದಲ್ಲಿದೆ. ಚೆನ್ನೈ ಕಡಲ ಮಗ್ಗುಲಿಗೇ ಇದೆ. ಇಲ್ಲಿಯ ಮಳೆಯ ಹೆಚ್ಚಿನ ಪಾಲು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಬೀಳುತ್ತದೆ. ಅಲ್ಲಿಯ ಪದ್ಧತಿ ಇಲ್ಲಿ ನಡೆಯದು.

ಈಗ ನಾವು ಧನಿಯ, ಜೀರಿಗೆ, ಮೆಣಸುಗಳನ್ನು ಇಡಿಯಾಗಿಯೇ ಇಟ್ಟು, ತಿಂಗಳಿಗೆ ಬೇಕಾದಷ್ಟು ಮಾತ್ರ ಪುಡಿಮಾಡುತ್ತೇವೆ. ಇಡಿಯ ಕಾಳಿನೊಳಗೆ ಸುವಾಸನೆಯ ಎಣ್ಣೆ ಭದ್ರವಾಗಿರುತ್ತದೆ; ಪುಡಿಯಾದೊಡನೆ ಹಾರತೊಡಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆಯೇ ಅದರ ಬಣ್ಣ; ಬೆಳಕು ತಾಗಿದರೆ ಮಂಕಾಗುವುದರಿಂದ ಅದಕ್ಕೆ ಕತ್ತಲೆಯ ಕಪಾಟೇ ಸರಿ. ಹುರಿದದ್ದು ಪೂರ್ತಿ ಆರಿದ ಮೇಲೆಯೇ ಡಬ್ಬ ಸೇರಬೇಕು. ಕುದಿಯುವ ಪಾತ್ರೆಯ ಮೇಲೆ ಡಬ್ಬ ಬಗ್ಗಿಸಬಾರದು, ಒದ್ದೆ ಚಮಚ ಇಳಿಸಬಾರದು. ಫ್ರಿಜ್ಜಿನಲ್ಲಿಡುವುದಾದರೆ ಗಾಳಿಯಾಡದ ಸಣ್ಣ ಸಣ್ಣ ಡಬ್ಬಗಳಲ್ಲಿಡಿ. ಹೊರಗೆ ತೆಗೆದು ತಣುಪು ಕಳೆದ ಮೇಲೆ ಮುಚ್ಚಳ ತೆರೆಯಿರಿ. ಇಲ್ಲವಾದರೆ ಒಳಗೇ ನೀರು ಬೆವರುತ್ತದೆ.

ಮಕ್ಕಳಿಗೆ ಕೇಕು ಮಾಡುವವರಿಗೊಂದು ಮಾತು. ತೇವ ತಾಗಿದರೆ ಬೇಕಿಂಗ್ ಪೌಡರಿನ ಶಕ್ತಿ ಡಬ್ಬದಲ್ಲೇ ಮುಗಿದುಹೋಗುತ್ತದೆ. ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ. ಬುರುಬುರು ನೊರೆಯೆದ್ದರೆ ಸರಿ. ಅಡಿಗೆ ಸೋಡಕ್ಕಾದರೆ ನಾಲ್ಕು ತೊಟ್ಟು ನಿಂಬೆರಸದ ಪರೀಕ್ಷೆ ಸಾಕು.

ಕಛೇರಿಯಲ್ಲಿ ಬಂದ ಕಾಗದಕ್ಕೆಲ್ಲ ತಾರೀಖಿನ ಮೊಹರು ಒತ್ತುವ ನಾವು ಮನೆಯ ಡಬ್ಬಗಳಿಗೆ ಈ ವರ್ಷದಿಂದಷ್ಟೇ ತಾರೀಖಿನ ಚೀಟಿ ಅಂಟಿಸತೊಡಗಿದ್ದೇವೆ.

ಫೋನಿನಲ್ಲಿ ಅಮ್ಮ ಸಾರು ಹೇಗಿದೆಯೆಂದು ಕೇಳಿದಾಗಲೆಲ್ಲ ಚೆನ್ನಾಗಿದೆ ಎಂದುಬಿಡುತ್ತಿದ್ದೆವು. ಯುಗಾದಿಗೆ ಹೋದಾಗ ನಿಜ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೊಂದು ಕಟ್ಟಿಕೊಟ್ಟಿದ್ದು ನನ್ನದೇ ತಪ್ಪು ಕಣೋ. ಇನ್ನು ಕಾಲು ಕಿಲೋ ಮಾತ್ರ. ಮುಗಿದ ಕೂಡಲೇ ಬಾ" ಎಂದರು.

ಆ ಕಾಲು ಕಿಲೋ ಈಗ ಮುಗಿಯುತ್ತ ಬಂದಿದೆ. ರಜೆಯ ಅರ್ಜಿ ಬರೆದಿದ್ದೇವೆ.