ಲುಂಗಿ, ಗೆಜ್ಜೆ, ಗಿಟಾರು... ನಡುವೆ ನಮ್ಮ ಪೇಟಿ ಕಾಕಾ!

ಓದುಗ ದೋಸ್ತರೇ, ಈ ವಾರ ಯಾವ ನಾಯಕನ ಕಟೌಟಿಗೂ ಹಾಲೆರೆಯುವುದಿಲ್ಲ. ಯಾವ ನಾಯಕಿಯ ಮದುವೆ ಸುದ್ದಿಯೂ ಇಲ್ಲ. ಈ ವಾರದ್ದು ಒಂದು ಮೊಬೈಲಿನ ಜಗಳ! ಸ್ಥಳ: ಬೀಳಗಿ ತಾಲೂಕಿನ ನಮ್ಮ ಅನಗವಾಡಿ, ಬಸ್ ಸ್ಟ್ಯಾಂಡಿನ ಹತ್ತಿರದ ಚಾದಂಗಡಿ. ಹೊತ್ತು: ಸಂಜೆ ಏಳು. ವಿಷಯ: ರಘು ದೀಕ್ಷಿತ್ ತಂಡದ ಒಂದು ಲೈವ್ ವಿಡಿಯೊ. ಹಾಡು: ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’.

ಕೂತವರು ಐದು ಜನ, ಅಭಿಪ್ರಾಯ ಆರು! ಆರನೆಯದು ಯಾರದು ಅಂತೀರಾ? ಸ್ವಲ್ಪ ತಡೀರಿ, ಹೇಳುತ್ತೇನೆ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ರಘು ದೀಕ್ಷಿತ್ ಅಂದರೆ ‘ಜಸ್ಟ್ ಮಾತ್ ಮಾತಲ್ಲಿ’ (2010), ‘ಲವ್ ಮಾಕ್‌ಟೇಲ್’ (2020) ಚಿತ್ರಗಳ ಸಂಗೀತ ನಿರ್ದೇಶಕರು. ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ಗೆದ್ದು, ಭರತನಾಟ್ಯ ಕಲಿತು, ಕಡೆಗೆ ಎಲ್ಲ ಬದಿಗಿಟ್ಟು ಗಿಟಾರು ಹಿಡಿದವರು. (ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟ ನನಗೆ ಇಂಥವರ ಬಗ್ಗೆ ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ ಸ್ವಾಮಿ!) ಅವರ ಮೊದಲ ಆಲ್ಬಮ್ಮನ್ನು 2008ರಲ್ಲಿ ಹೊರತಂದವರು ಹಿಂದಿ ಚಿತ್ರರಂಗದ ಜೋಡಿ ವಿಶಾಲ್-ಶೇಖರ್. ಅದರಲ್ಲಿ ಹಿಂದಿ ಹಾಡುಗಳ ಪಕ್ಕದಲ್ಲೇ ಶರೀಫಜ್ಜನ ಪದಗಳೂ ಕೂತಿದ್ದವು. 2010ರಲ್ಲಿ ಬಿಬಿಸಿ ಟಿವಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಹೆಸರಾಂತ ಕಾರ್ಯಕ್ರಮಕ್ಕೆ ಕರೆ ಬಂತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಜಾತ್ರೆ. ಹೌದು, ಅದೂ ಜಾತ್ರೆಯೇ, ತೇರು ಒಂದಿಲ್ಲ ಅಷ್ಟೆ! ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಹೋದಲ್ಲೆಲ್ಲ ಉಟ್ಟದ್ದು ಲುಂಗಿ, ಕಾಲಲ್ಲಿ ಗೆಜ್ಜೆ, ಹೆಗಲಿಗೆ ಗಿಟಾರು.

ಇನ್ನು ಜಗಳಕ್ಕೆ ಬರೋಣ.

ಮೊದಲ ಬಾಣ ಬಿಟ್ಟವನು ನಮ್ಮ ಟೇಲರ್ ದೋಸ್ತ. “ಇದೇನಲೇ ಇದು? ಶರೀಫಜ್ಜನ ಪದಾ ಅಂದ್ರ ಕಣ್ಣು ಮುಚ್ಚಿ ಕೇಳಬೇಕು. ಇಂವ ನೋಡಿದ್ರ ಜಿಗದಾಡಾಕತ್ಯಾನ. ಒರಿಜಿನಲ್ ಟ್ಯೂನ್ ಎಲ್ಲಿ ಹೋತು?”

ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಹುಡುಗ ಗುಟ್ಕಾ ಒಂದು ದವಡೆಗೆ ಸರಿಸಿ ಎದ್ದು ನಿಂತ. “ಟ್ಯೂನ್ ಬಿಡ್ರಿ ಮಾಮಾ, ಬೇಸ್ ಕೇಳ್ರಿ! ನಮ್ಮ ಡೆಕ್ಕಿಗೆ ಹಾಕಿದ್ರ ಘಟಪ್ರಭಾ ಹೊಳಿ ಆಚಿ ದಂಡಿಗೆ ಕೇಳಸ್ತೈತಿ!”

ಮೊಬೈಲ್ ರಿಪೇರಿ ಹುಡುಗನದು ತಾಂತ್ರಿಕ ವಾದ. “ಲೈವ್ ಅಂದ್ಮ್ಯಾಲ ಒಂದೆರಡು ಸ್ವರಾ ಆಚಿಗಿ ಈಚಿಗಿ ಅಕ್ಕಾವ. ಅದ ಮಜಾ. ಸ್ಟುಡಿಯೋದಾಗ ಎಲ್ಲಾ ತಿದ್ದಿ ಇಟ್ಟಿರ್ತಾರ.”

ಬಾಗಲಕೋಟೆಗೆ ದಿನಾ ಬಸ್ಸಿನಲ್ಲಿ ಓಡಾಡುವ ಕಾಲೇಜು ಹುಡುಗನ ಕಣ್ಣು ಜನರ ಮೇಲೆ. “ಲುಂಗಿ ಉಟಗೊಂಡು ಲಂಡನ್ನಿಗೆ ಹೋಗಿ ಕನ್ನಡ ಹಾಡಿದಾಂವ. ಇನ್ನೇನ್ ಬೇಕು ನಿಮಗ?”

ಐದನೆಯವನು ನಾನು. ನನ್ನ ಮಾತು ಈ ಪುಟದ ಹಳೆಯ ಓದುಗರಿಗೆ ಬಾಯಿಪಾಠ: “ಹಾಡು ಅಂದರೆ ಸ್ಟುಡಿಯೋ ಹಾಡು. ಲೈವ್ ಅಂದರೆ ಬರೀ ಗದ್ದಲ!” ಅಂದೂ ಅದನ್ನೇ ಹೇಳಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಆದರೆ ಟೇಲರ್ ದೋಸ್ತನ ‘ಒರಿಜಿನಲ್ ಟ್ಯೂನ್’ ನನ್ನ ತಲೆಯಲ್ಲಿ ಕೊರೆಯತೊಡಗಿತು. “ಯಾವುದಲೇ ಅದು ಒರಿಜಿನಲ್?” ಅಂತ ಕೇಳಿದೆ. “ನಮ್ಮಪ್ಪ ಕ್ಯಾಸೆಟ್ ಹಚ್ಚತಿದ್ದನಲ್ಲ, ಅದು,” ಅಂದ. ಸಿಕ್ಕಿಬಿದ್ದ ನೋಡಿ! ಆ ಕ್ಯಾಸೆಟ್ಟಿನದು ಸಿ. ಅಶ್ವತ್ಥರ ಟ್ಯೂನು. ಶರೀಫರು ಹುಟ್ಟಿದ್ದು 1819ರಲ್ಲಿ, ದೇಹ ಬಿಟ್ಟದ್ದು 1889ರಲ್ಲಿ. ಎಡಿಸನ್ ಸಾಹೇಬ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಆ ಯಂತ್ರ ಶಿಶುನಾಳದ ಅಗಸಿ ದಾಟಿ ಒಳಗೆ ಬರಲಿಲ್ಲ. ಅಜ್ಜ ಹಾಡಿದ, ಕೇಳಿದವರು ಬಾಯಿಪಾಠ ಮಾಡಿದರು, ಊರೂರಿಗೆ ಭಜನಿ ಮ್ಯಾಳದವರು ತಮ್ಮ ತಮ್ಮ ಮಟ್ಟು ಹಚ್ಚಿದರು. ಅಶ್ವತ್ಥರು ಬಂದು ಆ ಪದಗಳಿಗೆ ತಮ್ಮ ರಾಗ ಕೊಟ್ಟರು, ವಾದ್ಯಗಳ ದೊಡ್ಡ ಮೇಳ ಕೂಡಿಸಿದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾದರು, ಅಶ್ವತ್ಥರ ಸಂಗೀತ ಮನೆಮನೆ ಸೇರಿತು. ಇಂದು ‘ಒರಿಜಿನಲ್’ ಅಂತ ನಾವು ಜಗಳ ತೆಗೆಯುವುದು ಅಂದಿನ ಹೊಸತನ್ನು ಹಿಡಿದು!

ಅಶ್ವತ್ಥರೇನು ಕಡಿಮೆ ರಾಕ್ ಸ್ಟಾರೇ? 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಮಾಡಿದಾಗ ನೆರೆದ ಜನಸಾಗರ ನೆನಪಿದೆಯೇ? ನಮಗೆ ಆಗ ಚಡ್ಡಿ ಹಾಕುವ ವಯಸ್ಸು, ಆದರೆ ವಿಡಿಯೊ ಇದೆಯಲ್ಲ. ಅದೇ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್ ಬಂತು, 2011ರಲ್ಲಿ ಮೆಟಾಲಿಕಾ ಬಂತು. ಆ ಇಬ್ಬರಿಗಿಂತ ಮೊದಲೇ ನಮ್ಮ ಭಾವಗೀತೆ ಆ ಮೈದಾನ ತುಂಬಿಸಿತ್ತು, ನೆನಪಿರಲಿ!

ಇಷ್ಟು ಹೊತ್ತಿಗೆ ಅಂಗಡಿಯೊಳಗೆ ಬಂದವರು ಪೇಟಿ ಕಾಕಾ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ. ನಾನು ಹನ್ನೆರಡು ವರ್ಷದವನಿದ್ದಾಗ ನನ್ನ ಬೆರಳು ಹಿಡಿದು ಪೇಟಿ ಕಲಿಸಿದವರು ಇವರೇ. ಸೋಮವಾರ ರಾತ್ರಿ ಗುಡಿಯ ಭಜನಿಯಲ್ಲಿ ನಾನು ಹಿಮ್ಮೇಳ. ಕಾಲೇಜು ಬಿಟ್ಟೆ, ಸಿನಿಮಾ ಬರೆಯತೊಡಗಿದೆ, ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬಂದೆ. ನಟರ ಜೊತೆ ಫೋಟೋ ತೆಗೆಸಿಕೊಂಡವ ಗುಡಿಯಲ್ಲಿ ಕೂತು ತಾಳ ಕುಟ್ಟುವುದೇ? ಜಂಬ ಸ್ವಾಮಿ, ಬರೀ ಜಂಬ! ಹತ್ತು ವರ್ಷ ಆ ಕಡೆ ತಲೆ ಹಾಕಲಿಲ್ಲ. ಕಾಕಾ ಎದುರಾದರೆ ಹಾದಿ ಬದಲಿಸುತ್ತಿದ್ದೆ. ಅಂದು ಬದಲಿಸಲು ಹಾದಿಯೇ ಇರಲಿಲ್ಲ, ಬೆಂಚಿನ ನಟ್ಟನಡುವೆ ಸಿಕ್ಕಿಬಿದ್ದಿದ್ದೆ.

“ಕಾಕಾ, ನೀವ ತೀರ್ಪು ಕೊಡ್ರಿ,” ಅಂತ ಹುಡುಗರು ಮೊಬೈಲ್ ಕೊಟ್ಟರು. ಕಾಕಾ ಅದನ್ನು ಕಣ್ಣಿಗೆ ಹಿಡಿಯಲಿಲ್ಲ, ಕಿವಿಗೆ ಹಿಡಿದರು! ಹಾಡು ಮುಗಿಯಿತು. “ಇನ್ನೊಮ್ಮಿ ಹಚ್ಚು,” ಅಂದರು. ಈ ಸಲ ನೋಡಿದರು. ಚಾ ಆರಿತು.

“ದನಿ ಗಟ್ಟಿ ಐತಿ. ತಾಳ ಬಿಟ್ಟಿಲ್ಲ. ಮಟ್ಟು ನಮ್ದಲ್ಲ, ಇರಲಿ. ನನ್ನ ಮಟ್ಟರ ನಮ್ಮ ಗುರುಗಳದ್ದು ಇದ್ದಂಗ ಎಲ್ಲೈತಿ? ಆದ್ರ ಇದನ್ನ ನೋಡ್ರಿ. ಇಂವ ಒಂದು ಸಾಲು ಅಂತಾನ, ಮುಂದ ನಿಂತ ಮಂದಿ ಅದನ್ನ ತಿರುಗಿ ಅಂತಾರ. ಭಜನಿಯೊಳಗ ನಾವೇನ್ ಮಾಡ್ತೀವಿ? ಇದನ್ನ! ಅವಂಗ ಟಿಕೆಟ್ ತಗಿಸ್ಕೊಂಡು ಬಂದ ಹಿಮ್ಮೇಳ ಐತಿ. ನನಗ ಪುಕ್ಕಟ ಕರದ್ರೂ ನಾಕು ಮಂದಿ ಬರವಲ್ರು.”

ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಆಮೇಲೆ ಟ್ರ್ಯಾಕ್ಟರ್ ಹುಡುಗನ ಕಡೆ ತಿರುಗಿದರು. “ತಮ್ಮಾ, ಗುಡುಗುಡಿ ಅಂದ್ರ ಏನು?”

“ಹುಕ್ಕಾ ರೀ ಕಾಕಾ. ಸೇದೂದು.”

“ಅಷ್ಟ? ನಿನ್ನ ಮೈಯ ಹುಕ್ಕಾ ಅಂತ ತಿಳಿ. ಒಳಗಿನ ಮೋಹ ಕೊಚ್ಚಿ ಹಾಕಿ ಸುಟ್ಟು ಹೊಗಿ ಮಾಡು ಅಂತಾನ ಅಜ್ಜ. ಇದು ಚಟಾ ಹಚ್ಚೂ ಪದಾ ಅಲ್ಲೋ, ಬಿಡಸೂ ಪದಾ.”

ಹುಡುಗ ಸುಮ್ಮನೆ ಹೊರಗೆ ಹೋಗಿ ಬಾಯಲ್ಲಿದ್ದುದನ್ನು ಉಗುಳಿ ಬಂದ. ಚಟ ಬಿಟ್ಟ ಅಂತ ನಾನು ಬರೆಯಲಾರೆ. ಆ ಹೊತ್ತಿಗೆ ಉಗುಳಿದ, ಅಷ್ಟು ಖರೆ.

ಮೊಬೈಲ್ ರಿಪೇರಿ ಹುಡುಗನಿಗೆ ಹುರುಪು ಬಂತು. “ಕಾಕಾ, ನಿಮ್ಮ ಮಟ್ಟಿನ್ಯಾಗ ಹಾಡ್ರಿ, ವಿಡಿಯೊ ಮಾಡಿ ಬಿಡ್ತೀನಿ. ನಮ್ಮೂರಿಂದೂ ಲೈವ್!”

“ವಿಡಿಯೊ ಆಮ್ಯಾಲ ಮಾಡ್ರಿ. ಮೊದಲ ಹಿಮ್ಮೇಳಕ್ಕ ಬರ್ರಿ,” ಅಂದು ಕಾಕಾ ಚಾದ ರೊಕ್ಕ ಇಟ್ಟು ನಡೆದೇಬಿಟ್ಟರು.

ಇದೇ ಆರನೆಯ ಅಭಿಪ್ರಾಯ.

ಅಂದು ರಾತ್ರಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ವಿಡಿಯೊವನ್ನು ಮತ್ತೆ ನೋಡಿದೆ. ನಾನು ‘ಗದ್ದಲ’ ಅಂದದ್ದು ಯಾವುದನ್ನು? ಹಾಡುಗಾರ ಒಂದು ಕ್ಷಣ ಸುಮ್ಮನಾಗಿ ಜನರಿಗೆ ಜಾಗ ಬಿಡುತ್ತಾನಲ್ಲ, ಅದನ್ನೇ! ಸ್ಟುಡಿಯೋ ಹಾಡಿನಲ್ಲಿ ಆ ಜಾಗ ಇರುವುದಿಲ್ಲ. ಅಲ್ಲಿ ಎಲ್ಲ ತುಂಬಿ ಸೀಲು ಹಾಕಿರುತ್ತಾರೆ. ನಾವು ಬರೀ ಗಿರಾಕಿಗಳು. ಲೈವ್‌ನಲ್ಲಿ ಬಿಟ್ಟ ಜಾಗ ನಮ್ಮದು. ನಾವು ಮಾತ್ರ ಅಲ್ಲಿ ಹಾಡುವುದು ಬಿಟ್ಟು ಲೈಕ್ ಒತ್ತಿ ಮುಂದಿನದಕ್ಕೆ ಹೋಗುತ್ತೇವೆ. ಟ್ಯೂನ್ ಒರಿಜಿನಲ್ಲೋ, ಬೇಸ್ ಜೋರೋ, ಬಿಳಿ ಜನ ಕುಣಿದರೋ ಅಂತ ಎಷ್ಟು ವಾದಿಸಿದೆವು! ಅಷ್ಟು ಹೊತ್ತಿನಲ್ಲಿ ಐವರಲ್ಲಿ ಒಬ್ಬನೂ ಒಂದು ಸಾಲು ಬಾಯಿಬಿಟ್ಟು ಹಾಡಿರಲಿಲ್ಲ.

ದೋಸ್ತರೇ, ಆಲಮಟ್ಟಿಯ ಹಿನ್ನೀರಿಗೆ ಊರುಗಳೇ ಎದ್ದು ಹೋದ ತಾಲೂಕು ನಮ್ಮದು. ಮನೆ ಮುಳುಗಿದರೆ ಪರಿಹಾರ ಕೇಳಬಹುದು. ಮಟ್ಟು ಮುಳುಗಿದರೆ ಯಾವ ಆಫೀಸಿಗೆ ಅರ್ಜಿ ಹಾಕೋಣ? ರಘು ದೀಕ್ಷಿತರ ಹಾಡು ಉಳಿಯುತ್ತದೆ, ಅಶ್ವತ್ಥರದೂ ಉಳಿಯುತ್ತದೆ, ಅವು ಮೊಬೈಲಿನಲ್ಲಿವೆ. ಪೇಟಿ ಕಾಕಾರ ಮಟ್ಟು ಇರುವುದು ಕಾಕಾರ ಬೆರಳಲ್ಲಿ, ಆ ಬೆರಳಿಗೆ ಎಪ್ಪತ್ತು ದಾಟಿದೆ.

ಸೋಮವಾರ ಹೋದೆ. ಗುಡಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಸುಳ್ಳು ಹೇಳುವುದಿಲ್ಲ, ಎದೆ ಡವಡವ. ಟ್ರ್ಯಾಕ್ಟರ್ ಹುಡುಗ ನನಗಿಂತ ಮೊದಲೇ ಬಂದು ಕೂತಿದ್ದ. ಮೊಬೈಲ್ ಹುಡುಗ ಫೋನನ್ನು ಜೇಬಿನಲ್ಲೇ ಇಟ್ಟಿದ್ದ. ಟೇಲರ್ ದೋಸ್ತ ತಡವಾಗಿ ಬಂದು ಕಂಬದ ಹಿಂದೆ ಕೂತ. ಕಾಲೇಜು ಹುಡುಗನಿಗೆ ಪರೀಕ್ಷೆಯಂತೆ, ಬರಲಿಲ್ಲ. ಕಾಕಾ ಏನೂ ಕೇಳಲಿಲ್ಲ, ಪೇಟಿಯನ್ನು ನನ್ನ ಕಡೆ ಸರಿಸಿ, ತಾವು ತಾಳ ಕೈಗೆ ತಗೊಂಡರು.

ಹತ್ತು ವರ್ಷದ ತುಕ್ಕು ಎಲ್ಲಿ ಬಿಡುತ್ತದೆ? ಮೊದಲ ಪದದಲ್ಲೇ ಬೆರಳು ಎರಡು ಸಲ ಜಾರಿತು. ಹಿಂದಿನಿಂದ ಮೊಬೈಲ್ ಹುಡುಗನ ಪಿಸುಮಾತು: “ಇರ್ಲಿ ಬಿಡ್ರಿ ಅಣ್ಣಾ, ಲೈವ್ ಐತೆಲ್ಲ!”

ನಿಮ್ಮೂರಲ್ಲೂ ಒಬ್ಬ ಪೇಟಿ ಕಾಕಾ ಇರಬೇಕು. ರಘು ದೀಕ್ಷಿತರ ವಿಡಿಯೊ ಹೇಗಿದೆ ಅಂತ ನನಗೆ ಬರೆಯಬೇಡಿ, ಆ ಜಗಳ ನಮ್ಮ ಚಾದಂಗಡಿಯಲ್ಲಿ ಮುಗಿದಿದೆ. ನಿಮ್ಮ ಕಾಕಾರ ಹಿಮ್ಮೇಳಕ್ಕೆ ನೀವು ಯಾವ ವಾರ ಹೋಗಿ ಕೂತಿರಿ, ಅದನ್ನು ಒಂದು ಕಾರ್ಡಿನಲ್ಲಿ ಬರೀರಿ. ಬರಲಾ? ಮುಂದಿನ ವಾರ ಮತ್ತೆ ಸಿಗೋಣ!