ಮನೆಯ ಭಟ್ಟಿಯೂ ನಾಡಿನ ರಾಗಿಯೂ

ಕಳೆದ ಸಂಚಿಕೆಗೆಂದು ನಮ್ಮ ಸಂಘದ ತರುಣ ಸದಸ್ಯರೊಬ್ಬರು ಕಳುಹಿಸಿಕೊಟ್ಟ ಲೇಖನವನ್ನು ನಾವು ಪ್ರಕಟಿಸಲಿಲ್ಲ. ಕಾರಣವೇನೆಂದು ಅವರು ಪತ್ರಮುಖೇನ ಕೇಳಿದ್ದಾರೆ. ಕೇಳುವುದು ಅವರ ಹಕ್ಕು. ಅದೇ ಲೇಖನವನ್ನು ಮಾಸಿಕ ಗೋಷ್ಠಿಯಲ್ಲಿ ಅವರು ಓದಿದಾಗ ಸಭೆ ಕರತಾಡನ ಮಾಡಿತೆಂಬುದೂ ನಿಜ. ಕೈ ತಟ್ಟಿದವರಲ್ಲಿ ಸಂಪಾದಕವರ್ಗದವರೂ ಇದ್ದರೆಂಬುದು ನಮಗೆ ಕೊಂಚ ಮುಜುಗರದ ಸಂಗತಿ. ಆದುದರಿಂದ ಉತ್ತರವನ್ನು ಅವರೊಬ್ಬರಿಗೇ ಬರೆಯದೆ ಇಲ್ಲಿ ಎಲ್ಲರೆದುರಿಗೂ ಇಡುತ್ತಿದ್ದೇವೆ.

ಲೇಖನದ ವಸ್ತು ಇದು: ಬರ್ಬನ್ ಎಂಬ ಅಮೆರಿಕದ ಮದ್ಯವನ್ನು ನಮ್ಮ ಸೀಮೆಯ ಧಾನ್ಯಗಳಿಂದ ಮನೆಯಲ್ಲಿಯೇ ಭಟ್ಟಿಯಿಳಿಸುವ ಪ್ರಯೋಗ. ಆತ್ತೂರು ಕಡೆಯ ಮೆಕ್ಕೆಜೋಳ ಇಷ್ಟು ಪಾಲು, ಮೊಳಕೆ ಕಟ್ಟಿದ ಡೆಂಕಣಿಕೋಟೆಯ ರಾಗಿ ಇಷ್ಟು, ಧರ್ಮಪುರಿಯ ಸಜ್ಜೆ ಇಷ್ಟು ಎಂದು ಅಳತೆಯಿಟ್ಟು ಆರು ಬಗೆಯ ಪಾಕಗಳನ್ನು ಅವರು ವರ್ಣಿಸಿದ್ದಾರೆ. ಕುಕ್ಕರಿಗೆ ತಾಮ್ರದ ಸುರುಳಿ ಸಿಕ್ಕಿಸಿ ಇಳಿಸಿದ ದ್ರವವನ್ನು ಸುಟ್ಟ ಹಲಸಿನ ಚಕ್ಕೆಗಳ ಮೇಲೆ ಗಾಜಿನ ಜಾಡಿಯಲ್ಲಿ ಇಟ್ಟದ್ದು, ಮೂರನೆಯ ತಿಂಗಳಿಗೆ ಅದಕ್ಕೆ ಜೇನಿನ ಬಣ್ಣ ಬಂದದ್ದು, ಎಲ್ಲವೂ ಇದೆ. ಗದ್ಯ ಸೊಗಸಾಗಿದೆಯೆಂದು ಒಪ್ಪುತ್ತೇವೆ. ನಡುವೆ ಯೆಂಡ್ಕುಡುಕ ರತ್ನನನ್ನೂ ಸ್ಮರಿಸಿದ್ದಾರೆ. ರತ್ನನನ್ನು ಸೃಷ್ಟಿಸಿದ ರಾಜರತ್ನಂ ಅವರು ಸ್ವತಃ ಹೆಂಡ ಮುಟ್ಟಿದವರಲ್ಲವೆಂಬುದನ್ನು ಈ ಸಂದರ್ಭದಲ್ಲಿ ಎಲ್ಲರೂ ಮರೆಯುವುದು ವಾಡಿಕೆ. ಇರಲಿ. ಕೊನೆಗೆ ಲೇಖಕರು, ರಾಗಿಯ ಬರ್ಬನ್ ಜಗತ್ತಿಗೆ ಗಡಿನಾಡ ಕನ್ನಡಿಗರ ಕೊಡುಗೆಯಾಗಬಲ್ಲದೆಂದು ಸಾರುತ್ತಾರೆ. ಚಪ್ಪಾಳೆ ಬಿದ್ದದ್ದು ಇಲ್ಲಿಯೇ.

ಮೊದಲು ಹೆಸರಿನ ವಿಚಾರ. ಬರ್ಬನ್ ಎಂಬುದು ಯಾವ ಧಾನ್ಯದ ಸಾರಕ್ಕಾದರೂ ಅಂಟಿಸಬಹುದಾದ ಚೀಟಿಯಲ್ಲ. ಧಾನ್ಯದ ಪಾಕದಲ್ಲಿ ಮೆಕ್ಕೆಜೋಳ ನೂರಕ್ಕೆ 51ಕ್ಕಿಂತ ಕಡಮೆಯಿರಬಾರದು. ಭಟ್ಟಿಯಿಂದ ಇಳಿದಾಗ ಮದ್ಯಸಾರ ನೂರಕ್ಕೆ 80ನ್ನು ಮೀರಬಾರದು. ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲಿಯೇ ಅದು ಪಕ್ವವಾಗಬೇಕು. ಪೀಪಾಯಿಗೆ ತುಂಬುವಾಗ 62.5ನ್ನು ದಾಟಬಾರದು, ಎಲ್ಲಕ್ಕಿಂತ ಮಿಗಿಲಾಗಿ, ಅಮೆರಿಕದಲ್ಲಿಯೇ ತಯಾರಾಗಬೇಕು. 1964ರಲ್ಲಿ ಅಲ್ಲಿಯ ಕಾಂಗ್ರೆಸ್ ಇದನ್ನು ತಮ್ಮ ದೇಶದ ವಿಶಿಷ್ಟ ಪದಾರ್ಥವೆಂದು ನಿರ್ಣಯಿಸಿತು. ಹಲಸಿನ ಚಕ್ಕೆ ನೆನೆಸಿದ ಜಾಡಿಯ ದ್ರವ ಹೇಗೇ ಇರಲಿ, ಬರ್ಬನ್ ಅಲ್ಲ. ನಮ್ಮ ರಾಗಿಯ ಗೌರವಕ್ಕೆಂದು ಹೊರಟವರು ಅದಕ್ಕೆ ಪರದೇಶದವರ ಹೆಸರನ್ನು ಎರವಲು ತರುವುದೇಕೆಂಬುದು ನಮಗೆ ಅರ್ಥವಾಗಲಿಲ್ಲ.

ಆದರೆ ಹೆಸರಿನ ತಕರಾರಿನಿಂದಲೇ ನಾವು ಗೆಲ್ಲಲು ಹೊರಟಿಲ್ಲ. ಧಾನ್ಯದ ಮದ್ಯ ನಮಗೆ ಪರಕೀಯವೆಂದು ಹೇಳುವವರಿದ್ದಾರೆ. ಅವರ ವಾದ ನಿಲ್ಲುವುದಿಲ್ಲ. ಮನುಸ್ಮೃತಿ ಸುರೆಯನ್ನು ನಿಷೇಧಿಸುವಾಗ ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರಾಗಿ ಎಣಿಸುತ್ತದೆ, ಪೈಷ್ಟಿಯೆಂದರೆ ಹಿಟ್ಟಿನಿಂದಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಮೇದಕವೆಂಬ ಅಕ್ಕಿಯ ಮದ್ಯಕ್ಕೆ ನೀರು, ಅಕ್ಕಿ, ಕಿಣ್ವಗಳ ಅಳತೆಯೇ ಇದೆ. ಉತ್ಸವ, ಯಾತ್ರೆಗಳ ಕಾಲದಲ್ಲಿ ನಾಲ್ಕು ದಿನಗಳ ಮಟ್ಟಿಗೆ ಮದ್ಯ ತಯಾರಿಸಲು ಅನುಮತಿ ನೀಡಬೇಕೆಂದೂ ಅಲ್ಲಿ ಹೇಳಿದೆ. ನಾವು ನಿಂತಿರುವ ನೆಲವನ್ನೇ ತೆಗೆದುಕೊಳ್ಳೋಣ. ಧರ್ಮಪುರಿಯ ಪ್ರಾಚೀನ ನಾಮ ತಗಡೂರು. ಅಲ್ಲಿಯ ಅದಿಯಮಾನ್ ಗತಿಸಿದಾಗ ಔವೈಯಾರ್ ಹಾಡಿದ ಶೋಕಗೀತೆ ಪುರನಾನೂರಿನಲ್ಲಿದೆ. ಅವನು ತನ್ನಲ್ಲಿದ್ದ ಹೆಂಡವನ್ನು ಹಂಚಿಕೊಳ್ಳುತ್ತಿದ್ದ ಔದಾರ್ಯವನ್ನು ಆಕೆ ಅದರಲ್ಲಿ ಮೊದಲಿಗೇ ನೆನೆಯುತ್ತಾಳೆ. ಮನೆಯಲ್ಲಿ ಕಾಸಿದ 'ತೋಪ್ಪಿ'ಯೆಂಬ ಧಾನ್ಯದ ಪಾನ ಪೆರುಂಪಾಣಾಟ್ರುಪ್ಪಡೈಯಲ್ಲಿ ಬರುತ್ತದೆ. ಇವೆಲ್ಲ ನಮ್ಮ ತರುಣ ಮಿತ್ರರ ಪಕ್ಷಕ್ಕೆ ಅನುಕೂಲವಾದ ಸಂಗತಿಗಳು. ಅವರು ಹೇಳದೆ ಬಿಟ್ಟದ್ದನ್ನು ನಾವೇ ಹೇಳಿದ್ದೇವೆ.

ಇನ್ನೊಂದು ವಿಷಯದಲ್ಲಿಯೂ ನಮ್ಮ ಪಕ್ಷದವರನ್ನು ತಿದ್ದಬೇಕಾಗಿದೆ. ಗೋಷ್ಠಿಯಲ್ಲಿ ಹಿರಿಯರೊಬ್ಬರು ಎದ್ದು, "ಮನೆಯಲ್ಲಿ ಇಳಿಸಿದ್ದೆಲ್ಲ ವಿಷವೇ, ಕುಡಿದವನ ಕಣ್ಣು ಹೋಗುತ್ತದೆ" ಎಂದರು. ಸದುದ್ದೇಶದ ಮಾತು, ಆದರೆ ಸರಿಯಲ್ಲ. ಕಣ್ಣು ಕೀಳುವುದು ಮೆಥನಾಲ್. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ನೇತ್ರದ ನರವನ್ನು ಸುಡುತ್ತದೆ. ಹಣ್ಣು, ಸಿಪ್ಪೆಗಳ ಪೆಕ್ಟಿನ್ನಿನಿಂದ ಅದು ಸ್ವಲ್ಪ ಹುಟ್ಟಬಹುದು. ಶುದ್ಧ ಧಾನ್ಯದ ಹುದುಗಿನಲ್ಲಿ ಹುಟ್ಟುವುದು ಅತ್ಯಲ್ಪ. ಸಾವುಗಳು ಬಂದದ್ದು ಕಾರ್ಖಾನೆಗಳಿಗೆಂದು ತಯಾರಾದ ಮೆಥನಾಲನ್ನು ಬಡವನ ಲೋಟಕ್ಕೆ ಬೆರೆಸಿದವರಿಂದ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಆಗ ಅಲ್ಲಿ ಸಾರಾಯಿ ಅಂಗಡಿ ತೆರೆದೇ ಇತ್ತು. 2007ರ ಜುಲೈ 1ರಿಂದ ಕರ್ನಾಟಕ ಸಾರಾಯಿಯನ್ನು ನಿಲ್ಲಿಸಿತು. ಮರು ವರ್ಷ ಮೇ ತಿಂಗಳಲ್ಲಿ ಕೋಲಾರ, ಆನೇಕಲ್ಲು, ಹೊಸೂರು, ಕೃಷ್ಣಗಿರಿ ಕಡೆಯ ಕೂಲಿಕಾರರ ಕೇರಿಗಳಲ್ಲಿ, ಗಡಿಯ ಎರಡೂ ಮಗ್ಗುಲಲ್ಲಿ ಸೇರಿ, 150ಕ್ಕೂ ಮಿಕ್ಕಿ ಹೆಣಗಳು ಬಿದ್ದವು. 2024ರ ಜೂನ್‌ನಲ್ಲಿ ಸೇಲಂ ಜಿಲ್ಲೆಯ ಮಗ್ಗುಲಿನ ಕಲ್ಲಕುರಿಚ್ಚಿಯಲ್ಲಿ 65ಕ್ಕೂ ಹೆಚ್ಚು. ಈ ಮೂರರಲ್ಲಿ ಒಂದಕ್ಕೂ ಧಾನ್ಯ ಕಾರಣವಲ್ಲ. ಸುಳ್ಳು ಹೆದರಿಕೆಯನ್ನು ಹುಟ್ಟಿಸಿ ತರುಣರನ್ನು ತಡೆಯಲಾಗದು. ಅವರು ರಸಾಯನಶಾಸ್ತ್ರ ಓದಿದವರು, ನಮ್ಮ ಸುಳ್ಳನ್ನು ಹಿಡಿಯುತ್ತಾರೆ, ಹಿಡಿದ ಮೇಲೆ ನಮ್ಮ ನಿಜವನ್ನೂ ನಂಬುವುದಿಲ್ಲ. ಉರಿಯುವ ಒಲೆಯ ಮೇಲೆ ಮದ್ಯಸಾರದ ಆವಿ ಸೋರಿದರೆ ಮನೆ ಹೊತ್ತಿಕೊಳ್ಳುವುದು, ಸೀಸದ ಬೆಸುಗೆಯ ಕೊಳವೆಯಿಂದ ಸೀಸ ಇಳಿಯುವುದು, ಇವು ನಿಜವಾದ ಅಪಾಯಗಳು. ಲೇಖನದಲ್ಲಿ ಇವುಗಳಿಗೆ ಒಂದು ವಾಕ್ಯವೂ ಇಲ್ಲ. ಜೇನಿನ ಬಣ್ಣಕ್ಕೆ ಒಂದೂವರೆ ಪುಟವಿದೆ.

ಹಾಗಾದರೆ ನಮ್ಮ ಆಕ್ಷೇಪವಾದರೂ ಏನು?

ಕಲ್ವರಾಯನ್ ಬೆಟ್ಟದ ತಪ್ಪಲಲ್ಲಿ ಬೆಲ್ಲಕ್ಕೆ ಬಿಳಿಜಾಲಿಯ ತೊಗಟೆ ಹಾಕಿ ಹುಳಿ ಹಿಡಿಸಿ ಭಟ್ಟಿ ಇಳಿಸುವವನಿದ್ದಾನೆ. ಪೊಲೀಸರು ಅವನ ಮಡಕೆಗಳನ್ನು ಒಡೆದು, ಹುಳಿಯನ್ನು ಮಣ್ಣಿಗೆ ಚೆಲ್ಲಿ, ಅವನನ್ನು ಕೊಂಡೊಯ್ಯುತ್ತಾರೆ. ಮರುದಿನ ಪತ್ರಿಕೆಯಲ್ಲಿ ಮಡಕೆಯ ಚೂರುಗಳ ಚಿತ್ರ ಬರುತ್ತದೆ. ಅದನ್ನು ನೋಡಿ ನಾವು, ಅಂದರೆ ಓದುಬಲ್ಲ ಮಂದಿ, "ಇವರು ಉದ್ಧಾರವಾಗುವುದಿಲ್ಲ" ಎನ್ನುತ್ತೇವೆ. ಅದೇ ಕೆಲಸವನ್ನು ಹೊಸೂರಿನ ಮೂರನೆಯ ಅಂತಸ್ತಿನ ಮನೆಯಲ್ಲಿ, ಉಷ್ಣಮಾಪಕ ಹಿಡಿದು ಮಾಡಿದರೆ ಅದು ಪ್ರಯೋಗ. ಲೇಖನ ಬರೆದರೆ ಸಂಸ್ಕೃತಿ. ಗೋಷ್ಠಿಯಲ್ಲಿ ಓದಿದರೆ ಚಪ್ಪಾಳೆ. ತಮಿಳುನಾಡಿನ ಪಾನನಿರೋಧ ಶಾಸನ ಬೆಲ್ಲದ ಭಟ್ಟಿಗೂ ರಾಗಿಯ ಭಟ್ಟಿಗೂ ಭೇದವೆಣಿಸುವುದಿಲ್ಲ, ಭೇದವೆಣಿಸುವವರು ನಾವು. ಬಾಗಿಲು ತಟ್ಟುವವರು ಯಾರ ಬಾಗಿಲನ್ನು ತಟ್ಟುತ್ತಾರೆಂಬುದನ್ನು ನಮ್ಮ ಮಿತ್ರರು ಬಲ್ಲರು. ಬಲ್ಲರಾದ್ದರಿಂದಲೇ ಹೆಸರು ಹಾಕಿ ಲೇಖನ ಕಳುಹಿಸುವ ಧೈರ್ಯ ಬಂತು. ಆ ಧೈರ್ಯವನ್ನು ನಮ್ಮ ಪುಟಗಳ ಮೇಲೆ ಮೆರೆಯಿಸಲು ನಾವು ಸಿದ್ಧರಿಲ್ಲ.

ಹೀಗೆಂದ ಮಾತ್ರಕ್ಕೆ ನಾವು ಸರಕಾರದ ತುತ್ತೂರಿ ಊದುತ್ತಿದ್ದೇವೆಂದು ಯಾರೂ ಭಾವಿಸದಿರಲಿ. ಭರತಖಂಡದಲ್ಲಿ ಪಾನನಿರೋಧವೆಂಬ ಪ್ರಯೋಗ ಮೊದಲು ನಡೆದದ್ದು ಈ ಮಣ್ಣಿನಲ್ಲಿಯೇ. 1937ರ ಅಕ್ಟೋಬರ್ 1ರಂದು ಮದರಾಸು ಸರಕಾರ ಅದನ್ನು ಸೇಲಂ ಜಿಲ್ಲೆಯಲ್ಲಿ ಜಾರಿಗೆ ತಂದಿತು. ಅಂದಿನ ಸೇಲಂ ಎಂದರೆ ಇಂದಿನ ಧರ್ಮಪುರಿ, ಕೃಷ್ಣಗಿರಿ, ನಾಮಕ್ಕಲ್‌ಗಳೂ ಸೇರಿದ ದೊಡ್ಡ ಸೀಮೆ. ಧರ್ಮಪುರಿ ಬೇರೆಯಾದದ್ದು 1965ರಲ್ಲಿ. ಪ್ರಧಾನಿಯಾಗಿದ್ದ ರಾಜಾಜಿಯವರು ಹೊಸೂರಿನ ಬಳಿಯ ತೊರಪ್ಪಳ್ಳಿಯಲ್ಲಿ ಹುಟ್ಟಿ, ಸೇಲಂನಲ್ಲಿ ವಕೀಲಿ ಮಾಡಿ, ಅಲ್ಲಿಯ ಪುರಸಭೆಯ ಅಧ್ಯಕ್ಷರಾಗಿದ್ದವರು. ಸ್ವಂತ ಜಿಲ್ಲೆಯನ್ನೇ ಮೊದಲು ಪರೀಕ್ಷೆಗೆ ಒಡ್ಡಿದರು. ಖಜಾನೆಗೆ ಆದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆಯನ್ನು ತಂದರು. ಅವರ ತೀರ್ಮಾನ ಸರಿಯೋ ತಪ್ಪೋ, ಹೆಂಡದ ಹಣವನ್ನು ಬಿಟ್ಟು ಬೇರೆ ಹಣವನ್ನು ಹುಡುಕುವ ಮರ್ಯಾದೆ ಅದರಲ್ಲಿತ್ತು.

ಆಮೇಲಿನ ಕಥೆಯಲ್ಲಿ ಆ ಮರ್ಯಾದೆಯಿಲ್ಲ. 1971ರಲ್ಲಿ ನಿರೋಧವನ್ನು ಸಡಿಲಿಸಿದರು, ಎರಡು ಮೂರು ವರ್ಷಗಳಲ್ಲಿ ಮತ್ತೆ ಬಿಗಿದರು, 1981ರಲ್ಲಿ ಪುನಃ ಬಿಟ್ಟರು. 1983ರಲ್ಲಿ ಟಾಸ್ಮಾಕ್ ಹುಟ್ಟಿತು. 2003ರಲ್ಲಿ ಚಿಲ್ಲರೆ ವ್ಯಾಪಾರವನ್ನೂ ಅದರ ಕೈಗೆ ಕೊಟ್ಟರು. 2023-24ರಲ್ಲಿ ಅದರಿಂದ ಬಂದ ವರಮಾನ 45,000 ಕೋಟಿ ರೂಪಾಯಿಗೂ ಮೇಲೆ. ಶಾಸನದ ಹೆಸರು ಮಾತ್ರ ಇಂದಿಗೂ ಪಾನನಿರೋಧ ಶಾಸನ! 1987ರಿಂದ ಹೆಂಡ ಇಳಿಸುವುದು ಅಪರಾಧ. ತನ್ನ ತೋಟದ ಮರಕ್ಕೆ ತಾನೇ ಮಡಕೆ ಕಟ್ಟಿದ ರೈತ ಅಪರಾಧಿ. ಆದರೆ ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರಕ್ಕೆ ಬಣ್ಣ ಕಟ್ಟಿ, ವಿಸ್ಕಿ ಎಂದು ಚೀಟಿ ಹಚ್ಚಿ, ಸರಕಾರವೇ ಅಂಗಡಿಯಲ್ಲಿ ಮಾರಬಹುದು. ಅಂಥದನ್ನು ಯುರೋಪಿನಲ್ಲಿ ವಿಸ್ಕಿಯೆಂದು ಕರೆಯಲು ಕಾನೂನು ಬಿಡುವುದಿಲ್ಲ. ಹೆಸರು ಕದಿಯುವ ವಿದ್ಯೆಯನ್ನು ನಮ್ಮ ತರುಣ ಮಿತ್ರರು ಎಲ್ಲಿ ಕಲಿತರೆಂದು ದೂರ ಹುಡುಕಬೇಕಾಗಿಲ್ಲ.

ಇನ್ನು ರಾಗಿಯ ಮಾತು. ನಮಗೆ ನಿಜವಾಗಿ ನೋವಾದದ್ದು ಇಲ್ಲಿ.

ರಾಮಧಾನ್ಯ ಚರಿತ್ರೆಯಲ್ಲಿ ಕನಕದಾಸರು ನರೆದಲೆಗನನ್ನೂ ವ್ರಿಹಿಯನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾರೆ. ಅಕ್ಕಿ ಸೊರಗಿತು, ರಾಗಿ ಕುಂದಲಿಲ್ಲ. ರಾಘವನ ಹೆಸರು ಅದಕ್ಕೆ ಬಂತು. ಕವಿ ಕಂಡದ್ದನ್ನು ರೈತ ಹಗೇವಿನಲ್ಲಿ ಕಂಡಿದ್ದ: ಬರಗಾಲಕ್ಕೆಂದು ವರ್ಷಗಟ್ಟಲೆ ನೆಲದಲ್ಲಿ ಹುಗಿದಿಟ್ಟರೂ ಹುಳು ಹಿಡಿಯದ ಕಾಳು ಅದು. ಮೊಳಕೆ ಕಟ್ಟಿಸುವ ವಿದ್ಯೆಯಂತೂ ನಮ್ಮ ಹೆಣ್ಣುಮಕ್ಕಳದು. ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬೇರು ಬಿಳಿದಾಗಿ ಇಣುಕಿದೊಡನೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸುವುದು. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಹುಟ್ಟುತ್ತದೆ. ಅದರಿಂದಲೇ ಆ ಹಿಟ್ಟಿನ ಗಂಜಿ ತೆಳ್ಳಗೆ, ಸಿಹಿಯಾಗಿ, ಹಸುಗೂಸಿಗೆ ಜೀರ್ಣವಾಗುವಂತೆ ಇರುತ್ತದೆ. ಕಿರುಧಾನ್ಯಗಳಲ್ಲಿ ಈ ಗುಣ ರಾಗಿಗೆ ಇರುವಷ್ಟು ಬೇರೆಯವಕ್ಕಿಲ್ಲ. ನಮ್ಮ ಮಿತ್ರರ ಆರು ಪಾಕಗಳೂ ನಿಂತಿರುವುದು ಈ ಕಿಣ್ವದ ಮೇಲೆ. ಮೆಕ್ಕೆಜೋಳಕ್ಕೆ ಸ್ವಂತ ಮೊಳಕೆಯ ಬಲ ಸಾಲದು. ಅದನ್ನು ಬೇಯಿಸಿ ಮೆತ್ತಗಾಗಿಸಿ, ಅಮೆರಿಕದಲ್ಲಿ ಮೊಳೆತ ಬಾರ್ಲಿಯನ್ನು ಬೆರೆಸುತ್ತಾರೆ, ಇವರು ರಾಗಿಯನ್ನು ಬೆರೆಸಿದರು. ಯೋಚನೆ ಜಾಣತನದ್ದೇ. ಆದರೆ ಈ ಜಾಣತನವನ್ನು ತಾವು ಎಲ್ಲಿಂದ ಪಡೆದಿರಿ, ಸ್ವಾಮಿ? ಲೇಖನದಲ್ಲಿ ಕೆಂಟಕಿಯ ಹೆಸರು ಒಂಬತ್ತು ಸಲ ಬಂದಿದೆ. ಮೊಳಕೆ ಕಟ್ಟಲು ಹೇಳಿಕೊಟ್ಟ ತಾಯಿಯ ಉಲ್ಲೇಖ "ಮನೆಯವರ ಸಹಾಯದಿಂದ" ಎಂಬ ಎರಡು ಪದಗಳಲ್ಲಿ ಮುಗಿದಿದೆ.

ರಾಗಿಯ ಪಾನವೂ ಹೊಸ ಶೋಧವಲ್ಲ. ನೇಪಾಳ, ಸಿಕ್ಕಿಂಗಳಲ್ಲಿ ಹುದುಗಿಸಿದ ರಾಗಿಗೆ ಬಿಸಿನೀರು ಹೊಯ್ದು ಕೊಳವೆಯಿಂದ ಹೀರುತ್ತಾರೆ. ಉಗಾಂಡಾದಲ್ಲಿ ಒಂದೇ ದೊಡ್ಡ ಮಡಕೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ಕುಡಿಯುತ್ತಾರೆ. ಅವು ಹುದುಗಿಸಿದ ತೆಳು ಪಾನಗಳು, ಭಟ್ಟಿಯವಲ್ಲ. ಆಫ್ರಿಕದ ಮಾತು ಬಂದುದರಿಂದ ಇನ್ನೊಂದನ್ನು ನೆನೆಯಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಸಾಸಿವೆಗಿಂತ ಚಿಕ್ಕದಾದ ಹೂವನ್ನು ಬಿಡಿಸಿ ಪರಾಗ ಕೂಡಿಸುವ ಆ ತಾಳ್ಮೆಗೆ ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ನಮ್ಮ ಕೃಷ್ಣಗಿರಿಯ ಮಗ್ಗುಲಿನ ಪೈಯೂರಿನ ಸಂಶೋಧನಾ ಕೇಂದ್ರದಿಂದಲೂ ಆ ಊರಿನ ಹೆಸರಿನ ರಾಗಿ ತಳಿಗಳು ಬಂದಿವೆ. ನಮ್ಮ ಸಂಘದ ಎಷ್ಟು ಮಂದಿ ಅಲ್ಲಿಗೆ ಹೋಗಿ ನೋಡಿದ್ದೇವೆ? ಮೆಕ್ಕೆಜೋಳ ನಾಮಕ್ಕಲ್ಲಿನ ಕೋಳಿಗೆ ಹೋಗಲಿ, ಅಭ್ಯಂತರವಿಲ್ಲ. ರಾಗಿಯ ಹೊಲ ವರ್ಷವರ್ಷಕ್ಕೆ ಹೂವಿನ ತೋಟವಾಗಿ, ನಿವೇಶನವಾಗಿ ಕರಗುತ್ತಿರುವಾಗ ಉಳಿದ ಕಾಳನ್ನು ಭಟ್ಟಿಗೆ ಸುರಿದು ಅದನ್ನೇ ಕನ್ನಡದ ಸೇವೆಯೆನ್ನುವುದನ್ನು ಮಾತ್ರ ಕೇಳಿಕೊಂಡು ಸುಮ್ಮನಿರಲಾರೆವು.

ನಾವು ಬೇಡುವುದೇನೆಂದು ಕೇಳುವವರಿಗೆ: ಹೆಂಡವನ್ನೂ ರಾಗಿ, ಸಜ್ಜೆಗಳ ತೆಳು ಹುದುಗು ಪಾನವನ್ನೂ ರೈತರ ಸಹಕಾರ ಸಂಘಗಳು ಪರವಾನಗಿ ಪಡೆದು, ಪರೀಕ್ಷೆಗೆ ಒಳಪಟ್ಟು, ಹಗಲಿನಲ್ಲಿ ಮಾರುವಂತಾಗಲಿ. ಇದನ್ನು ಕೋರಿ ಸರಕಾರಕ್ಕೆ ಬಿನ್ನವತ್ತಳೆ ಬರೆಯುವುದಾದರೆ ಮೊದಲ ರುಜು ನಮ್ಮದು. ಎರಡನೆಯದನ್ನು ನಮ್ಮ ತರುಣ ಮಿತ್ರರು ಹಾಕಲಿ. ಕಾನೂನು ಬದಲಾಗುವವರೆಗೆ ಬೆಟ್ಟದವನಿಗೆ ಇಲ್ಲದ ವಿನಾಯಿತಿ ಅವರಿಗೂ ಬೇಡ. ಕುಕ್ಕರು ಅಡುಗೆಮನೆಗೆ ಹಿಂದಿರುಗಲಿ.

ಲೇಖನದ ಹನ್ನೊಂದು ಪುಟಗಳಲ್ಲಿ ಮೊದಲ ನಾಲ್ಕು ಮೊಳಕೆಯ ಹದವನ್ನು ಕುರಿತವು: ಯಾವ ತಳಿಗೆ ಎಷ್ಟು ಹೊತ್ತು ನೆನೆ, ಡೆಂಕಣಿಕೋಟೆಯ ಚಳಿಯಲ್ಲಿ ಎಷ್ಟು ದಿನ, ಸೇಲಂನ ಸೆಕೆಯಲ್ಲಿ ಎಷ್ಟು. ಇಷ್ಟು ಸೂಕ್ಷ್ಮವಾಗಿ ಇದನ್ನು ಬರೆದಿಟ್ಟವರನ್ನು ನಾವು ಕಂಡಿಲ್ಲ. ಅವನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕಲು ಕಾಗದ ಕೊಯ್ದು ಇಟ್ಟಿದ್ದೇವೆ. ತಾಯಿಯವರ ಹೆಸರನ್ನೂ ಸೇರಿಸಿಕೊಟ್ಟರೆ ಸಂತೋಷ. ಉಳಿದ ಏಳು ಪುಟಗಳನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದೇವೆ.