ಒಣಮೀನಿನ ನಾತ, ನಮ್ಮ ಮೂಗು

ಹೋದ ತಿಂಗಳು ಇದೇ ವಾಚನಾಲಯದ ಜಗಲಿಯಲ್ಲಿ ಹಿರಿಯರೊಬ್ಬರು, "ಟೂರಿಸಂ ಬಂದರೆ ಮಾತ್ರ ವಲಿಯಪರಂಬದಂಥ ಊರು ಉದ್ಧಾರ ಆದೀತು" ಎಂದರು. ಎಲ್ಲರೂ ತಲೆಯಾಡಿಸಿದರು. ನಾನು ಸುಮ್ಮನೆ ಕೂತೆ. ಕೂತದ್ದು ತಪ್ಪು. ಆ ಉದ್ಧಾರ ಹೇಗಿರುತ್ತದೆ ಎಂದು ಮೂರು ದಿನ ಕಣ್ಣಾರೆ ಕಂಡು, ಅದಕ್ಕೆ ನನ್ನ ಕೈಯನ್ನೂ ಸೇರಿಸಿ ಬಂದವ ನಾನು.

ಕ್ರಿಸ್‌ಮಸ್ ರಜೆಗೆ ಹೆಂಡತಿ, ಮಕ್ಕಳು, ಅತ್ತಿಗೆ ಸಮೇತ ಹೋಗಿದ್ದೆವು. ನಮ್ಮ ಜಿಲ್ಲೆಯದೇ ತೆಂಕು ತುದಿ. ಒಂದು ಬದಿ ಅರಬ್ಬೀ ಕಡಲು, ಇನ್ನೊಂದು ಬದಿ ಕವ್ವಾಯಿ ಹಿನ್ನೀರು, ನಡುವೆ ಸುಮಾರು 24 ಕಿಲೋಮೀಟರು ಉದ್ದದ, ತೀರಾ ಸಪೂರ ಹೊಯಿಗೆಯ ಪಟ್ಟಿ. ಹಿನ್ನೀರಿನಲ್ಲಿ ಬಿದಿರಿನ ಚಪ್ಪರ ಕಟ್ಟಿ, ಕಲ್ಲುಮ್ಮಕ್ಕಾಯಿಯ ಮರಿಗಳನ್ನು ಹಗ್ಗಕ್ಕೆ ಹತ್ತಿಬಟ್ಟೆಯಲ್ಲಿ ಸುತ್ತಿ ಇಳಿಬಿಡುವ ಕಾಲ ಅದು. ಬಟ್ಟೆ ಕೊಳೆತು ಹೋಗುವುದರೊಳಗೆ ಮರಿ ಹಗ್ಗಕ್ಕೆ ಕಚ್ಚಿಕೊಂಡಿರುತ್ತದೆ. ಮಳೆಗಾಲದ ಸಿಹಿನೀರು ಬರುವ ಮೊದಲು ಕೊಯ್ಲು ಮುಗಿಸಬೇಕು, ಇಲ್ಲದಿದ್ದರೆ ಎಲ್ಲಾ ಸತ್ತಿತು. ಹೆಂಗಸರೇ ಗುಂಪು ಮಾಡಿಕೊಂಡು ಈ ಕೃಷಿ ಮಾಡುತ್ತಾರೆ. ನನ್ನ ಮಗಳು ಒಂದು ಇಡೀ ಬೆಳಿಗ್ಗೆ ಅಲ್ಲಿಂದ ಏಳಲೇ ಇಲ್ಲ.

ನಮ್ಮ ಕೋಣೆಯ ಕಿಟಕಿಯಾಚೆ ನೆರೆಮನೆಯ ಚೇಚಿ ಹೊಯಿಗೆಯ ಮೇಲೆ ಬಲೆ ಹಾಸಿ ಬೂತಾಯಿ ಒಣಗಿಸುತ್ತಿದ್ದರು. ಅತ್ತಿಗೆಗೆ ಆ ನಾತ ಆಗಲಿಲ್ಲ. ನಾವೇನು ಮೀನು ತಿನ್ನದವರಲ್ಲ ಮಾರಾಯ್ರೆ, ಮಧ್ಯಾಹ್ನ ಅದೇ ಬೂತಾಯಿಯ ಸಾರಿಗೆ ಎರಡನೇ ಸಲ ಅನ್ನ ಬಡಿಸಿಕೊಂಡವರು! ನಾನು ಮನೆಯ ಯಜಮಾನನಿಗೆ ಹೇಳಿದೆ. ಅವನು ಚೇಚಿಗೆ ಹೇಳಿದ. ಅವರು ಒಂದು ಮಾತಾಡದೆ ಬಲೆ ಸಮೇತ ಮೀನನ್ನೆಲ್ಲ ಮಡಚಿ, ತೆಂಗಿನ ನೆರಳಿದ್ದ ಆಚೆ ಮೂಲೆಗೆ ಎಳೆದುಕೊಂಡು ಹೋದರು. ನೆರಳಿನಲ್ಲಿ ಮೀನು ಒಣಗುವುದುಂಟಾ? ಮಾರನೇ ದಿನ ಅದರಲ್ಲಿ ಅರ್ಧಕ್ಕರ್ಧ ಹುಳ ಬಿದ್ದಿತ್ತು. ಕ್ಷಮೆ ಕೇಳಲು ಹೋದರೆ "ಸಾರಮಿಲ್ಲ" ಎಂದರು.

ಕೇರಳದಲ್ಲಿ ಮಳೆಗಾಲದ 52 ದಿನ ಟ್ರಾಲಿಂಗ್ ನಿಷೇಧ. ಸಣ್ಣ ದೋಣಿಗಳಿಗೆ ನಿಷೇಧ ಇಲ್ಲ ನಿಜ, ಆದರೆ ಆ ಕಡಲಿಗೆ ದಿನಾ ಇಳಿಯುವುದು ಯಾರಿಂದ ಸಾಧ್ಯ? ಡಿಸೆಂಬರಿನ ಬಿಸಿಲಿಗೆ ಒಣಗಿದ್ದು ಆಟಿಯ ಗಂಜಿಗೆ ಆಗಬೇಕು. ನಾವು ಅಲ್ಲಿಂದ ಎಬ್ಬಿಸಿದ್ದು ವಾಸನೆಯನ್ನಲ್ಲ.

"ಅವರಿಗೂ ದುಡ್ಡು ಬರುತ್ತದಲ್ಲ?" ಎನ್ನುವವರಿದ್ದಾರೆ. ಯಾರಿಗೆ ಬಂತು? ನಾನು ಕೊಟ್ಟ ಮೂರು ದಿನದ ಬಾಡಿಗೆಯಲ್ಲಿ ಆ ಚೇಚಿಗೆ ಒಂದು ಪೈಸೆ ಇಲ್ಲ. ದೋಣಿ ಎಳೆಯುವ, ಬಲೆ ಹೊಲಿಯುವ, ಮೀನು ಒಣಗಿಸುವ ಹೊಯಿಗೆ ಅವರಿಗೆ ಗದ್ದೆ ಇದ್ದ ಹಾಗೆ. ಅದನ್ನು ನಾವು "ಬೀಚ್" ಎಂದು ಕರೆದ ಕೂಡಲೇ ಅಲ್ಲಿ ದುಡಿಯುವವರು ಅಡ್ಡ ಬಂದವರಾಗುತ್ತಾರೆ.

ಇನ್ನೊಂದು ಮಾತು, ಕೆಲವರಿಗೆ ಸಿಟ್ಟು ಬಂದರೆ ಬರಲಿ. 1956ರಿಂದ ನಾವು ಕಾಸರಗೋಡಿನ ಕನ್ನಡಿಗರು ಹೇಳುತ್ತ ಬಂದದ್ದೇನು? ನಮ್ಮ ಅಂಗಳದಲ್ಲೇ ನಮ್ಮನ್ನು ಮೂಲೆಗೆ ತಳ್ಳುತ್ತಾರೆ ಎಂದಲ್ಲವೇ? ಕನ್ನಡದಲ್ಲಿ ಬರೆದ ನನ್ನ ಅರ್ಜಿಯನ್ನು ಕಚೇರಿಯೊಂದರಲ್ಲಿ "ಮಲಯಾಳದಲ್ಲಿ ಬರೆದು ತನ್ನಿ" ಎಂದು ಹಿಂದೆ ಕೊಟ್ಟಾಗ ನಾನು ಇಲ್ಲೇ ನಿಂತು ಅರ್ಧ ಗಂಟೆ ಭಾಷಣ ಮಾಡಿದ್ದೇನೆ. ಅದೇ ನಾನು, ಬಾಡಿಗೆ ಕೊಟ್ಟ ಎರಡನೇ ದಿನಕ್ಕೆ, ಹುಟ್ಟಿದೂರಿನವಳನ್ನು ಅವಳ ಅಂಗಳದಿಂದ ಎಬ್ಬಿಸಿದೆ. ಆ ಗುಮಾಸ್ತನಿಗಾದರೂ ಸರಕಾರದ ಕುರ್ಚಿ ಇತ್ತು. ನನಗೆ ಎಂತ ಇತ್ತು?

ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ಏಪ್ರಿಲಿನಲ್ಲಿ ವಾಚನಾಲಯದ ಪ್ರವಾಸ ಅಲ್ಲಿಗೇ ಎಂದು ಕೇಳಿದ್ದೇನೆ. ನನ್ನ ಹೆಸರೂ ಬರೆದುಕೊಳ್ಳಿ. ಆದರೆ ಶರ್ತ ಉಂಟು: ಊಟ ಕಲ್ಲುಮ್ಮಕ್ಕಾಯಿ ಬೆಳೆಸುವ ಹೆಂಗಸರ ಕೈಯಿಂದಲೇ ಆಗಬೇಕು, ಅವರು ಹೇಳಿದ ಕ್ರಯಕ್ಕೆ, ಚೌಕಾಶಿ ಇಲ್ಲದೆ. ಮತ್ತೆ, ಮೂಗು ಮುಚ್ಚಿಕೊಳ್ಳುವವರು ಬಸ್ಸು ಹತ್ತುವುದು ಬೇಡ. ಅತ್ತಿಗೆಗೂ ಇದನ್ನು ಹೇಳಿಯಾಗಿದೆ.